ಸತ್ತ ಬೀಜಗಳ ಸಾಕ್ಷಿ

"ಮುಟ್ಟಬೇಡಿ!"

ಗಾಜಿನ ತಟ್ಟೆಯ ಮೇಲೆ ಇಳಿಯುತ್ತಿದ್ದ ಸಾಹುಕಾರನ ದಪ್ಪ ಬೆರಳು ಗಾಳಿಯಲ್ಲೇ ನಿಂತಿತು.

"ನೋಡ್ತಿದ್ದೆ ಅಷ್ಟೇ ಕಣಮ್ಮ. ನಿಮ್ಮ ಬೀಜ ನಾನೇನು ತಿಂದುಬಿಡ್ತೀನಾ?"

"ತಿಂದ್ರೆ ನಿಮ್ಮ ಹೊಟ್ಟೆ ಕೆಡುತ್ತೆ, ಅದು ನಿಮ್ಮಿಷ್ಟ. ಮುಟ್ಟಿದ್ರೆ ನನ್ನ ಸಾಕ್ಷಿ ಕೆಡುತ್ತೆ," ಎಂದಳು ಚಿಮಟದಕ್ಕ. ತುರುಬಿಗೆ ಸಿಕ್ಕಿಸಿಕೊಂಡಿದ್ದ ಸಣ್ಣ ಚಿಮಟವನ್ನು ಎಳೆದು ತಟ್ಟೆಯ ಪಕ್ಕದಲ್ಲಿಟ್ಟಳು.

ಬೀಜ ಪರೀಕ್ಷೆಯ ಆ ಪ್ರಯೋಗಾಲಯದಲ್ಲಿ ಅವಳ ನಿಜವಾದ ಹೆಸರನ್ನು ಕರೆಯುವವರೇ ಇರಲಿಲ್ಲ. ಬೇರೆ ಹೆಂಗಸರ ತುರುಬಿನಲ್ಲಿ ಹೂವಿದ್ದರೆ ಇವಳ ತುರುಬಿನಲ್ಲಿ ಚಿಮಟ. ಒಂದು ಹಿಡಿ ಬೀಜ ಮುಂದೆ ಸುರಿದರೆ ಸಾಕು, ಯಾವುದು ಬೆಳೆ, ಯಾವುದು ಕಳೆ, ಯಾವುದು ಕಲ್ಲು ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೆ ಮಾಡಿಬಿಡುವಳು. ಆ ಚುರುಕು ಕಣ್ಣೇ ಈಗ ಅವಳ ತವರುಮನೆಗೆ ಮುಳುವಾಗಿತ್ತು.

ಮೇವಿಗೆಂದು ಬೆಳೆಯುವ ಕುದುರೆಮಸಾಲೆಯ ಬೀಜ ತುಂಬಿದ ಒಂದು ಮಾದರಿ ಚೀಲದಲ್ಲಿ ಮುಳ್ಳುಕಳೆಯ ಬೀಜಗಳನ್ನು ಹಿಡಿದು ವರದಿ ಬರೆದವಳು ಅವಳೇ. ಅಲ್ಲಿಗೆ ಬರುವ ಚೀಲಗಳ ಮೇಲೆ ಬರೀ ನಂಬರು, ಯಾರದೆಂದು ಪರೀಕ್ಷೆ ಮಾಡುವವರಿಗೆ ತಿಳಿಯಬಾರದು ಎಂಬುದು ನಿಯಮ. ಅದು ಒಡಹುಟ್ಟಿದ ಅಣ್ಣನ ಗೋದಾಮಿನ ಚೀಲವೆಂದು ಗೊತ್ತಾದದ್ದು ಪೊಲೀಸರು ಅವನ ಕೈಗೆ ಬೇಡಿ ತೊಡಿಸಿದ ಮೇಲೆ.

ಆ ಅಣ್ಣ ಈಗ ಅವಳೆದುರಿಗೇ ಸ್ಟೂಲಿನ ಮೇಲೆ ಕುಳಿತಿದ್ದ. ಗಡ್ಡ ಬೆಳೆದಿತ್ತು. ಪಕ್ಕದಲ್ಲಿ ಪೇದೆ. ಬಾಗಿಲ ಬಳಿ ಅತ್ತಿಗೆ, ಗೋಡೆಯ ಕಡೆ ಮುಖ ತಿರುಗಿಸಿಕೊಂಡು. ವರದಿ ಬಂದ ದಿನದಿಂದ ಅತ್ತಿಗೆ ಅವಳೊಂದಿಗೆ ಮಾತು ಬಿಟ್ಟಿದ್ದಳು. ಅದು ಚಿಮಟದಕ್ಕನಿಗೆ ಅಣ್ಣನ ಬೇಡಿಗಿಂತ ಹೆಚ್ಚು ಚುಚ್ಚುತ್ತಿತ್ತು.

"ಶುರು ಮಾಡಿ," ಎಂದರು ಇನ್ಸ್‌ಪೆಕ್ಟರ್, ಪೆನ್ನಿನ ಮುಚ್ಚಳ ಕಚ್ಚುತ್ತ. "ಸಂಜೆಯೊಳಗೆ ಇವರನ್ನ ಕೋರ್ಟಿಗೆ ಒಪ್ಪಿಸಬೇಕು. ನೀವು ಬೇಡಿಕೊಂಡ್ರಿ ಅಂತ ಇಲ್ಲಿಗೆ ಕರ್ಕೊಂಡು ಬಂದಿದೀನಿ. ತಂಗಿ ಅನ್ನೋ ಮಮತೆಗೆ ಮಾತಾಡೋದಾದ್ರೆ ಈಗ್ಲೇ ಹೇಳಿಬಿಡಿ, ಎದ್ದು ಹೋಗ್ತೀನಿ."

"ತಂಗಿ ಮಮತೆನಾ?" ಅಣ್ಣ ನಕ್ಕ. "ಸಾರ್, ತಂಗಿ ಕೈಯಿಂದಲೇ ಲಾಕಪ್ಪಿಗೆ ಹೋದ ಅಣ್ಣ ನಾನೊಬ್ಬನೇ ಇರಬೇಕು. ಚಿಕ್ಕೋಳಿದ್ದಾಗ ನನ್ನ ತಟ್ಟೆಯಲ್ಲಿ ಒಂದು ಕೂದಲು ಕಂಡ್ರೂ ಅಪ್ಪನಿಗೆ ಹೇಳಿಕೊಡ್ತಿದ್ಲು ಈ ಗುಬ್ಬಿ."

ಯಾರೂ ನಗಲಿಲ್ಲ. ಕೋಣೆಯ ಮೂಲೆಯ ಕುರ್ಚಿಯಲ್ಲಿದ್ದ ದೊಡ್ಡಮೇಷ್ಟ್ರು ಮಾತ್ರ ಸಣ್ಣಗೆ ಮುಗುಳ್ನಕ್ಕರು. ಅವರು ಈ ಪ್ರಯೋಗಾಲಯದ ಮುಖ್ಯಸ್ಥರು. ಚಿಮಟದಕ್ಕನಿಗೆ ಚಿಮಟ ಹಿಡಿಯಲು ಕಲಿಸಿದವರೇ ಅವರು. ಅವರ ಸಹಿ ಬಿದ್ದ ವರದಿಯನ್ನು ಯಾವ ಕೋರ್ಟೂ ಪ್ರಶ್ನಿಸಿದ್ದಿಲ್ಲ.

"ಹೇಳಮ್ಮ, ಹೆದರಬೇಡ," ಎಂದರು ಅವರು.

ಅವಳು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು.

"ಮೊದಲನೆಯದಾಗಿ, ನನ್ನ ವರದಿಯಲ್ಲಿ ತಪ್ಪಿಲ್ಲ. ಚೀಲದಲ್ಲಿದ್ದದ್ದು ಮುಳ್ಳುಕಳೆಯ ಬೀಜವೇ. ಅಣ್ಣನಿಗೋಸ್ಕರ ಅದನ್ನ ನಾನು ಅಲ್ಲ ಅನ್ನಲ್ಲ."

ಅತ್ತಿಗೆಯ ಬೆನ್ನು ಸೆಟೆಯಿತು. ಸಾಹುಕಾರ ತೃಪ್ತಿಯಿಂದ ತಲೆಯಾಡಿಸಿದ. ಸರ್ಕಾರಕ್ಕೆ ಬೀಜ ಸರಬರಾಜು ಮಾಡುವ ಗುತ್ತಿಗೆಯಲ್ಲಿ ಅಣ್ಣನಿಗೆ ಎದುರಾಳಿ ಅವನೊಬ್ಬನೇ. ದೂರು ಕೊಟ್ಟವನೂ ಅವನೇ. ಅಣ್ಣ ಜೈಲಿಗೆ ಹೋದರೆ ಗುತ್ತಿಗೆ ನೇರವಾಗಿ ಅವನ ಮಡಿಲಿಗೆ ಬೀಳುತ್ತಿತ್ತು.

"ಬನ್ನಿ, ನೋಡಿ," ಎಂದು ಅವಳು ಇನ್ಸ್‌ಪೆಕ್ಟರನ್ನು ಸೂಕ್ಷ್ಮದರ್ಶಕದ ಬಳಿ ಕರೆದಳು.

ಅವರು ಬಗ್ಗಿ ಒಂದು ಕಣ್ಣು ಮುಚ್ಚಿದರು.

"ಎರಡೂ ಕಣ್ಣು ಬಿಡಿ ಸಾರ್, ಇದಕ್ಕೆ ಎರಡು ಕೊಳವೆ ಇದೆ. ಏನು ಕಾಣುತ್ತೆ?"

"ಕಂದು ಬಣ್ಣದ್ದು. ನೀಳವಾಗಿದೆ. ಜೀರಿಗೆ ಥರ... ಅಲ್ಲ, ಜೀರಿಗೆಗಿಂತ ನುಣುಪು. ಸ್ವಲ್ಪ ಬಾಗಿದೆ."

"ತಲೆ ನೋಡಿ."

"ಅಯ್ಯೋ! ಬಟ್ಟಲಿದ್ದ ಹಾಗಿದೆಯಲ್ಲ? ಬಟ್ಟಲೊಳಗೆ ಒಂದು ಮೊನೆ ನಿಂತಿದೆ."

"ಅದೇ ಗುರುತು. ಬಟ್ಟಲು, ಬಟ್ಟಲ ನಡುವೆ ಮೊನೆ. ಹೊಲಕ್ಕೆ ಇದು ಒಂದು ಬಿದ್ರೆ ಸಾಕು, ಬೇರು ನೆಲದಡಿ ಹರ್ಕೊಂಡು ಹೋಗುತ್ತೆ. ಕಿತ್ತಷ್ಟೂ ತುಂಡು ತುಂಡಿಂದ ಮತ್ತೆ ಚಿಗುರುತ್ತೆ. ಅದಕ್ಕೇ ಇದು ಸಿಕ್ಕಿದ ಮೂಟೆನೆಲ್ಲ ಸುಡಬೇಕು ಅಂತ ಕಾನೂನಿರೋದು."

"ಸುಟ್ಟಾಯ್ತಲ್ಲ," ಎಂದ ಅಣ್ಣ ಮೆಲ್ಲಗೆ.

ಹೌದು, ಗೋದಾಮಿನ ಮೂಟೆಗಳೆಲ್ಲ ಬೂದಿಯಾಗಿದ್ದವು. ಮತ್ತೊಮ್ಮೆ ಪರೀಕ್ಷೆ ಮಾಡೋಣವೆಂದರೆ ಏನೂ ಉಳಿದಿರಲಿಲ್ಲ. ಲೋಕದಲ್ಲಿ ಅಣ್ಣನ ಪರವಾಗಿ ಮಾತಾಡಬಲ್ಲದ್ದು ಪ್ರಯೋಗಾಲಯದಲ್ಲಿ ಮಿಕ್ಕ ಆ ಒಂದು ಚೀಲ ಮಾತ್ರ.

"ಅಮ್ಮಾ, ಇಷ್ಟೆಲ್ಲ ಯಾಕೆ?" ಸಾಹುಕಾರ ಎಣ್ಣೆ ಹಚ್ಚಿ ಬಾಚಿದ ಕ್ರಾಪನ್ನು ನೇವರಿಸಿಕೊಂಡ. "ನಿಮ್ಮ ಅಣ್ಣನ ಗೋದಾಮಿನ ಹಿಂದೆ ಈ ಮುಳ್ಳು ಆಳೆತ್ತರ ಬೆಳೆದಿದೆ. ಬೇಕು ಅಂತ ಬೆರೆಸಿದ್ರು ಅಂತ ನಾನೂ ಹೇಳಲ್ಲಪ್ಪ. ಹತ್ತಿ ಥರ ಹಾರುತ್ತೆ, ಕಿಟಕಿಯಿಂದ ಬಂದಿರಬೇಕು. ಅಜಾಗರೂಕತೆ. ಅದಕ್ಕೂ ಶಿಕ್ಷೆ ಇದೆಯಲ್ಲ?"

"ಹಾರೋದು ಬೀಜದ ತಲೆಮೇಲಿನ ತುಪ್ಪಳ ಸಾಹುಕಾರ್ರೇ. ಬೀಜಕ್ಕೂ ತುಪ್ಪಳಕ್ಕೂ ಹಿಡಿತ ಕಮ್ಮಿ. ಬೀಜ ಹೆಚ್ಚಾಗಿ ಗಿಡದ ಬುಡದಲ್ಲೇ ಉದುರಿ, ಬರೀ ತುಪ್ಪಳ ಊರು ಸುತ್ತುತ್ತೆ. ಗಾಡಿ ಮಾತ್ರ ಬರುತ್ತೆ, ಕೂತಿದ್ದವರು ದಾರಿಯಲ್ಲೇ ಇಳಿದಿರ್ತಾರೆ."

"ಒಂದೆರಡು ಇಳೀದೇ ಇರಬಹುದಲ್ಲ?"

"ಇರಬಹುದು."

ಅವಳು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಸಾಹುಕಾರನಿಗೆ ಇಷ್ಟವಾಗಲಿಲ್ಲ. ವ್ಯಾಪಾರದಲ್ಲಿ ಪಳಗಿದವನು. ಎದುರಿನವರು ಚೌಕಾಸಿ ಮಾಡದೆ ಒಪ್ಪಿದರೆ ಎಲ್ಲೋ ಮೋಸವಿದೆ ಎಂದು ಅವನ ಮೂಗಿಗೆ ವಾಸನೆ ಬಡಿಯುತ್ತಿತ್ತು.

ಚಿಮಟದಕ್ಕ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆಗೆದು ಇನ್ನೂ ಎರಡು ತಟ್ಟೆಗಳನ್ನು ಹೊರಗಿಟ್ಟಳು. ಬೆಳಗಿನಿಂದ ಅವು ಅಲ್ಲೇ ಇದ್ದವು. ಒಳಗೆ ಏನಾಗಿದೆಯೋ ಅವಳೂ ಇನ್ನೂ ನೋಡಿರಲಿಲ್ಲ. ಬೇಕೆಂದೇ ನೋಡಿರಲಿಲ್ಲ. ಎಲ್ಲರೆದುರಿಗೆ ತೆರೆದರೆ ತಂಗಿ ಏನೋ ಕೈಚಳಕ ಮಾಡಿದಳು ಎನ್ನಲು ಯಾರಿಗೂ ಬಾಯಿ ಬರದು.

"ಇದು ಒಂದು ಔಷಧಿಯ ನೀರು ಸಾರ್. ಬೀಜ ಸೀಳಿ ಇದರಲ್ಲಿಟ್ರೆ, ಜೀವ ಇರೋ ಮೊಳಕೆ ಕೆಂಪಾಗುತ್ತೆ. ಸತ್ತದ್ದು ಬೆಳ್ಳಗೇ ಇರುತ್ತೆ. ಮೊದಲನೇ ತಟ್ಟೆಯಲ್ಲಿರೋದು ನಿನ್ನೆ ನಾನೇ ಗೋದಾಮಿನ ಹಿಂದಿನ ಗಿಡದಿಂದ ಕಿತ್ತು ತಂದ ಮುಳ್ಳುಕಳೆ. ಪೇದೆಯವರು ಜೊತೆಗಿದ್ರು."

"ನನ್ನ ಪ್ಯಾಂಟೂ ಜೊತೆಗಿತ್ತು," ಎಂದ ಪೇದೆ ಮೊಣಕಾಲಿನ ಹರುಕನ್ನು ಮುಚ್ಚಿಕೊಳ್ಳುತ್ತ.

ಅವಳು ಮುಚ್ಚಳ ತೆಗೆದಳು. ಸೀಳಿದ ಬೀಜಗಳ ಒಳಗೆಲ್ಲ ಕುಂಕುಮದ ಕೆಂಪು.

"ಜೀವ ಇದೆ," ಎಂದರು ಇನ್ಸ್‌ಪೆಕ್ಟರ್.

"ಎರಡನೆಯದು, ಅಣ್ಣನ ಚೀಲದಲ್ಲಿ ಸಿಕ್ಕಿದ ಮುಳ್ಳುಕಳೆ."

ಅತ್ತಿಗೆ ತನಗೇ ತಿಳಿಯದಂತೆ ಇತ್ತ ತಿರುಗಿದ್ದಳು. ಮುಚ್ಚಳ ಮೇಲೆದ್ದಿತು.

ಬೆಳ್ಳಗೆ. ಒಂದೊಂದೂ ಬೆಳ್ಳಗೆ. ಚಿಮಟದ ತುದಿಯಿಂದ ಒಂದೊಂದನ್ನೇ ಹೊರಳಿಸಿ ನೋಡಿದಳು. ಕೆಂಪಿನ ಸುಳಿವು ಎಳ್ಳಷ್ಟೂ ಇರಲಿಲ್ಲ. ಅವಳ ಎದೆಯೊಳಗೆ ಸಂತೋಷ ಉಕ್ಕಿ ಬಂತು. ಕುಣಿದುಬಿಡೋಣ ಎನ್ನಿಸಿತು. ಆದರೂ ತುಟಿ ಬಿಗಿಹಿಡಿದಳು.

"ಸತ್ತಿದೆ," ಎಂದ ಸಾಹುಕಾರ. "ಅದಕ್ಕೇನೀಗ? ಹಳೇ ಬೀಜ ಸಾಯುತ್ತೆ."

"ಮುಳ್ಳುಕಳೆ ಅಷ್ಟು ಬೇಗ ಸಾಯೋ ಜಾತಿಯಲ್ಲ. ಹಳೆಯದಾದ್ರೂ ಒಂದು ಸಾಯುತ್ತೆ, ಇನ್ನೊಂದು ಅರೆಜೀವ ಇರುತ್ತೆ, ಮತ್ತೊಂದು ಗಟ್ಟಿಯಾಗಿರುತ್ತೆ. ಇಲ್ಲಿ ಎಲ್ಲ ಒಂದೇ ಸಮ ಸತ್ತಿವೆ. ಹೊರಗಡೆ ನೋಡಿದ್ರೆ ತುಂಬಿದ ಬೀಜ. ಇದು ವಯಸ್ಸಾಗಿ ಸತ್ತದ್ದಲ್ಲ, ಬಿಸಿಗೆ ಸತ್ತದ್ದು."

ಸಾಹುಕಾರ ಚಪ್ಪಾಳೆ ತಟ್ಟಿದ. "ಹಾಗೆ ಬನ್ನಿ ದಾರಿಗೆ! ಇವರ ಅಣ್ಣನ ಹತ್ರ ಬೀಜ ಒಣಗಿಸೋ ಯಂತ್ರ ಇದೆ. ಅದರ ಬಿಸಿಗೇ ಸತ್ತಿರಬೇಕು. ಅಂದ್ರೆ ಬೀಜ ಇವರ ಯಂತ್ರದಲ್ಲೇ ಇತ್ತು ಅಂತ ಇವರೇ ಒಪ್ಪಿಕೊಂಡ ಹಾಗಾಯ್ತು! ಬರ್ಕೊಳ್ಳಿ ಇನ್ಸ್‌ಪೆಕ್ಟರೇ!"

ಇನ್ಸ್‌ಪೆಕ್ಟರ್ ಪೆನ್ನನ್ನು ಬಾಯಿಂದ ತೆಗೆದರು. ಅಣ್ಣನ ಮುಖ ಬಾಡಿತು.

ಚಿಮಟದಕ್ಕ ಆಗ ನಕ್ಕಳು. ಈ ಮಾತಿಗಾಗಿಯೇ ಅವಳು ಬೆಳಗಿನಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು.

"ಬರ್ಕೊಳ್ಳಿ ಸಾರ್, ಅವರು ಹೇಳಿದ್ದನ್ನ ಹಾಗೇ ಬರ್ಕೊಳ್ಳಿ. ಆಮೇಲೆ ಈ ಮೂರನೇ ತಟ್ಟೆ ನೋಡಿ."

ಅದು ಸಾಹುಕಾರ ಮುಟ್ಟಲು ಹೋಗಿದ್ದ ತಟ್ಟೆ. ಬೆಚ್ಚಗಿನ ಪೆಟ್ಟಿಗೆಯಿಂದ ಎಲ್ಲಕ್ಕಿಂತ ಮೊದಲು ಹೊರಗೆ ಬಂದದ್ದು. ಮುಚ್ಚಳದ ಒಳಗೆ ಹಬೆ ಕಟ್ಟಿ ಏನೂ ಕಾಣುತ್ತಿರಲಿಲ್ಲ.

"ಇದು ಕುದುರೆಮಸಾಲೆ. ಅದೇ ಚೀಲದ್ದು. ಮುಳ್ಳುಕಳೆ ಜೊತೆ ಒಂದೇ ಯಂತ್ರದಲ್ಲಿ ಬಿಸಿ ತಿಂದಿದ್ರೆ ಇದೂ ಸಾಯಬೇಕು. ಒಂದೇ ಬಾಣಲೆಯಲ್ಲಿ ಹುರಿದ ಮೇಲೆ ಒಂದು ಕಾಳು ಹುರಿದು, ಪಕ್ಕದ ಕಾಳು ಹಸಿಯಾಗಿರುತ್ತಾ? ಅತ್ತಿಗೆ, ನೀವೇ ತೆಗೀರಿ. ನಿಮ್ಮ ಕೈಯಿಂದಲೇ ತೆಗೀರಿ."

ಅತ್ತಿಗೆ ಅನುಮಾನಿಸುತ್ತ ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಮುಚ್ಚಳ ಎತ್ತಿದಳು.

ಕೆಂಪು! ತಟ್ಟೆಯ ತುಂಬ ಕೆಂಪು!

"ಬದುಕಿವೆ," ಎಂದಳು ಅತ್ತಿಗೆ. "ರೀ, ಎಲ್ಲ ಬದುಕಿವೆ!"

ಸಾಹುಕಾರನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಇನ್ಸ್‌ಪೆಕ್ಟರ್ ಒಮ್ಮೆ ಬಿಳಿ ತಟ್ಟೆ, ಒಮ್ಮೆ ಕೆಂಪು ತಟ್ಟೆ ನೋಡಿದರು. ಆಮೇಲೆ ಬೀಗದಕೈಗಾಗಿ ಪೇದೆಯ ಕಡೆ ಕೈ ಚಾಚಿದರು. ಬೀಗದಕೈ ತಿರುಗಿದ ಸದ್ದು ಎಲ್ಲರಿಗೂ ಕೇಳಿಸಿತು. ಬೇಡಿ ಮೇಜಿನ ಮೇಲೆ ಬಿತ್ತು.

ಅಣ್ಣ ಮಣಿಕಟ್ಟು ಉಜ್ಜಿಕೊಳ್ಳುತ್ತ ತಂಗಿಯನ್ನೇ ನೋಡಿದ. "ಗುಬ್ಬೀ..." ಎಂದ.

ಅತ್ತಿಗೆ ಅವಳ ಹತ್ತಿರ ಬಂದು ನಿಂತಳು. ಇಷ್ಟು ದಿನದ ಕೋಪವನ್ನು ಹೇಗೆ ಇಳಿಸುವುದೋ ತಿಳಿಯದೆ, "ಮಧ್ಯಾಹ್ನ ಊಟ ಮಾಡಿದ್ಯಾ ಇಲ್ವಾ? ಮುಖ ನೋಡು ಹೇಗಾಗಿದೆ," ಎಂದು ಗದರಿದಳು. ಚಿಮಟದಕ್ಕನ ಕಣ್ಣು ತುಂಬಿ ಬಂತು. ಹೊಟ್ಟೆಗೆ ಹಾಲು ಹುಯ್ದಷ್ಟು ಸಮಾಧಾನವಾಯಿತು.

"ಒಂದು ನಿಮಿಷ," ಎಂದರು ಇನ್ಸ್‌ಪೆಕ್ಟರ್. "ಬೇಡಿ ಬಿಚ್ಚಿದೀನಿ, ಕೇಸ್ ಬಿಚ್ಚಿಲ್ಲ. ಸತ್ತ ಬೀಜ ಚೀಲದೊಳಗೆ ಹೇಗೆ ಹೋಯ್ತು? ಬೇಯಿಸಿದ ಕಳೆ ಬೀಜ ಯಾರ ಹತ್ರ ಇರುತ್ತೆ?"

"ನಮ್ಮ ಹತ್ರ," ಎಂದಳು ಅವಳು.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು.

ಗೋಡೆಯುದ್ದಕ್ಕೂ ನಿಂತಿದ್ದ ಗಾಜಿನ ಬೀರುವನ್ನು ಅವಳು ತೋರಿಸಿದಳು. ಗುರುತಿಗಾಗಿ ಇಟ್ಟ ಬೀಜಗಳು ಅದರ ತುಂಬ, ಸಾಲು ಸಾಲು ಪುಟ್ಟ ಬಾಟಲಿಗಳಲ್ಲಿ. ಅಪಾಯದ ಕಳೆಗಳನ್ನು ಬಾಟಲಿಗೆ ಹಾಕುವ ಮೊದಲು ಸುಡುಬಿಸಿಯ ಬೇರೊಂದು ಪೆಟ್ಟಿಗೆಯಲ್ಲಿಟ್ಟು ಕೊಲ್ಲುವುದು ಈ ಪ್ರಯೋಗಾಲಯದ ಪದ್ಧತಿ. ನಾಳೆ ಬಾಟಲಿ ಒಡೆದು ಒಂದು ಬೀಜ ಯಾರ ಚಪ್ಪಲಿಗಾದರೂ ಅಂಟಿಕೊಂಡು ಹೊಲ ಸೇರಬಾರದು ಎಂದು ಆ ಪದ್ಧತಿ ತಂದವರು ದೊಡ್ಡಮೇಷ್ಟ್ರೇ.

"ಚೀಲ ಚೊಕ್ಕವಾಗೇ ಬಂದಿತ್ತು ಸಾರ್. ಈ ಕಟ್ಟಡದೊಳಗೆ ಯಾರೋ ಆ ಬಾಟಲಿಯಿಂದ ತೆಗೆದು ಅದಕ್ಕೆ ಬೆರೆಸಿದ್ದಾರೆ. ಪುಟ್ಟ ಬಾಟಲಿ. ಅಷ್ಟು ತೆಗೆದ ಮೇಲೆ ಬುಡ ಕಾಣಲೇಬೇಕು. ಬೀರುವಿನ ಬೀಗದಕೈ ಮೇಷ್ಟ್ರ ಕುರ್ಚಿ ಹಿಂದಿನ ಮೊಳೆಯಲ್ಲಿರುತ್ತೆ. ಇಲ್ಲಿ ಕೆಲಸ ಮಾಡೋ ಎಲ್ಲರಿಗೂ ಗೊತ್ತು."

"ತೆಗೀರಿ."

ಅವಳು ಬೀರು ತೆರೆದಳು. ಕೈ ತಾನಾಗಿ ಸರಿಯಾದ ಸಾಲಿಗೆ ಹೋಯಿತು. ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು.

ಬಾಟಲಿ ಕತ್ತಿನವರೆಗೂ ತುಂಬಿತ್ತು.

"ಹ್ಹಹ್ಹಹ್ಹಾ!" ಸಾಹುಕಾರನಿಗೆ ಹೋದ ಜೀವ ಬಂದಿತ್ತು. "ಬುಡ ಕಾಣಬೇಕಾಗಿತ್ತಲ್ಲವೇನಮ್ಮ? ಇಲ್ಲಿ ಕಂಠಪೂರ್ತಿ ಇದೆ! ನಿಮ್ಮ ಕಥೆ ಚೆನ್ನಾಗಿದೆ, ಆದ್ರೆ ಕಳ್ಳತನವೇ ಆಗಿಲ್ಲವಲ್ಲ!"

ಮೇಷ್ಟ್ರು ಎದ್ದು ಬಂದರು. "ತುಂಬಿದೆಯಾ?" ಎಂದು ಕೇಳಿ, ಬಾಟಲಿಯನ್ನು ಅವಳ ಕೈಯಿಂದ ತೆಗೆದುಕೊಂಡು ಅಂಗೈಯಲ್ಲಿ ತೂಗಿ ನೋಡಿದರು. ಅವರ ಹುಬ್ಬು ಮೇಲೇರಿತು. ಅವಳಿಗೇ ವಾಪಸು ಕೊಟ್ಟರು.

ಚಿಮಟದಕ್ಕ ಅಷ್ಟಕ್ಕೆ ಬಿಡುವವಳಲ್ಲ. ಬಾಟಲಿಯಿಂದ ಒಂದು ಚಿಟಿಕೆ ಬೀಜವನ್ನು ತಟ್ಟೆಗೆ ಉದುರಿಸಿ, ಮೊದಲಿದ್ದುದನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕಣ್ಣು ಕೊಳವೆಗೆ ಹೋದದ್ದೇ ತಡ, ತುಟಿಯಂಚಿಗೆ ನಗು ಬಂತು.

ಬಟ್ಟಲಿತ್ತು. ಆದರೆ ಬಟ್ಟಲಿನ ಅಂಚಿಗೆ ಹಳದಿ ಪಟ್ಟಿ. ಮೈ ತಿಳಿಬಣ್ಣ, ಅದರ ಮೇಲೆ ಉದ್ದಕ್ಕೂ ಕಪ್ಪು ಗೆರೆಗಳು. ಗಾತ್ರವೂ ಒಂದು ಸುತ್ತು ದೊಡ್ಡದು. ಇದು ಮುಳ್ಳುಕಳೆಯಲ್ಲ, ಅದರ ದಾಯಾದಿ, ದನ ಮೇಯುವ ಬಯಲಿನ ದೊಡ್ಡಮುಳ್ಳು. ಹೂವು ನೋಡಿದರೆ ಅಕ್ಕತಂಗಿಯರಂತಿರುತ್ತವೆ, ಬೀಜ ನೋಡಿದವರಿಗೆ ಎಂದೂ ಗೊಂದಲವಾಗುವುದಿಲ್ಲ. ಬಾಟಲಿ ಬರಿದಾದದ್ದು ಗೊತ್ತಾಗಬಾರದೆಂದು ಯಾರೋ ಅವಸರದಲ್ಲಿ ತಪ್ಪು ಬೀಜ ತುಂಬಿಸಿಟ್ಟಿದ್ದರು. ಕಳ್ಳತನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಗೆದ್ದೆ, ಅಂದುಕೊಂಡಳು. ಇನ್ಸ್‌ಪೆಕ್ಟರಿಗೆ ಬರಿಗಣ್ಣಿಗೇ ತೋರಿಸೋಣವೆಂದು ತಟ್ಟೆಯನ್ನು ಕೈಗೆತ್ತಿಕೊಂಡು ಪಕ್ಕಕ್ಕೆ ಸರಿದಳು.

"ತಡಿಯಮ್ಮ, ನಾನೂ ಒಂದು ಸಲ ನೋಡಿಬಿಡ್ತೀನಿ," ಎಂದರು ಮೇಷ್ಟ್ರು. ಅವಳು ಬಿಟ್ಟ ಜಾಗದಲ್ಲಿ ಕುಳಿತು, ಎರಡೂ ಕಣ್ಣುಗಳನ್ನು ಕೊಳವೆಗೆ ಒತ್ತಿ, ಚಕ್ರವನ್ನು ಹಿಂದೆ ಮುಂದೆ ತಿರುಗಿಸಿ, ಬಹಳ ಹೊತ್ತು ನೋಡಿದರು. ಅದೇ ಹಳೆಯ ಗಾಂಭೀರ್ಯ.

"ಮುಳ್ಳುಕಳೆಯೇ," ಎಂದರು. "ಕಂದು ಮೈ. ಬಟ್ಟಲು, ಬಟ್ಟಲೊಳಗೆ ಮೊನೆ. ಅನುಮಾನವೇ ಇಲ್ಲ ಇನ್ಸ್‌ಪೆಕ್ಟರೇ. ಈ ಬಾಟಲಿಯನ್ನ ಯಾರೂ ಮುಟ್ಟಿಲ್ಲ."

ತಟ್ಟೆ ಚಿಮಟದಕ್ಕನ ಕೈಯಲ್ಲೇ ಇತ್ತು. ಸೂಕ್ಷ್ಮದರ್ಶಕದ ಕೆಳಗೆ ಏನೂ ಇರಲಿಲ್ಲ.

ಅವಳು ಮೇಷ್ಟ್ರ ಕಣ್ಣುಗಳನ್ನೇ ನೋಡಿದಳು. ಎಷ್ಟು ಕಾಲದಿಂದ ಹೀಗೆ? ಇವರ ಸಹಿ ಬಿದ್ದ ವರದಿಗಳು, ಇವರು ಬೆನ್ನು ತಟ್ಟಿ "ನೀನೇ ನೋಡಿಬಿಡಮ್ಮ" ಎಂದದ್ದು... ಸಾಹುಕಾರ ಮಾತ್ರ ಅವಳ ಕೈಯ ತಟ್ಟೆ ಕಂಡೂ ಎಳ್ಳಷ್ಟೂ ಬೆರಗಾಗದೆ ಕಿಸಕ್ಕನೆ ನಕ್ಕ. ಆ ನಗುವಿನಲ್ಲಿ ಅವಳಿಗೆ ಎಲ್ಲವೂ ಹೊಳೆಯಿತು. ಇವನಿಗೆ ಗೊತ್ತಿತ್ತು. ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲವೆಂಬ ಗುಟ್ಟನ್ನೇ ಇವನು ಮೂಗುದಾರ ಮಾಡಿಕೊಂಡಿದ್ದ.

"ಏನಮ್ಮ ಹೇಳ್ತೀರಿ?" ಇನ್ಸ್‌ಪೆಕ್ಟರ್ ಕೇಳಿದರು. "ಮುಖ್ಯಸ್ಥರು ಮುಟ್ಟಿಲ್ಲ ಅಂತಿದಾರೆ. ಕೋರ್ಟಿನಲ್ಲಿ ನಡೆಯೋದು ಅವರ ಮಾತು."

ಬೇಡಿ ಇನ್ನೂ ಮೇಜಿನ ಮೇಲೇ ಇತ್ತು. ಅಣ್ಣ ಅದನ್ನು ನೋಡಿದ, ಆಮೇಲೆ ತಂಗಿಯನ್ನು ನೋಡಿದ.

ಹೇಳಿದರೆ ಗುರುವಿನ ಮಾನ ಹೋಗುತ್ತದೆ, ಹೇಳದಿದ್ದರೆ ಅಣ್ಣ ಹೋಗುತ್ತಾನೆ. ಅಣ್ಣನದೆಂದು ತಿಳಿಯದೆ ನಿಜ ಬರೆದಿದ್ದಳು. ಈಗ ತಿಳಿದೂ ತಿಳಿದೂ ನಿಜ ಹೇಳಬೇಕಾಗಿತ್ತು. ಅವಳು ತಟ್ಟೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಳು.

"ಮೇಷ್ಟ್ರೇ," ಎಂದಳು. "ನೀವು ಹೇಳಿದ ಬೀಜ ಅಲ್ಲಿಲ್ಲ. ತಟ್ಟೆ ನನ್ನ ಕೈಲಿದೆ. ಇದರಲ್ಲಿರೋದು ದೊಡ್ಡಮುಳ್ಳು."

ಸಾಹುಕಾರನ ನಗು ಹಾಗೇ ಹೆಪ್ಪುಗಟ್ಟಿತು. ಇನ್ಸ್‌ಪೆಕ್ಟರ್ ಒಂದೇ ಹೆಜ್ಜೆಗೆ ಬಂದು ಬಾಗಿಲಿಗೆ ಅಡ್ಡ ನಿಂತರು. ಅಣ್ಣ ಗಟ್ಟಿಯಾಗಿ ಉಸಿರು ಬಿಟ್ಟ.

ಮೇಷ್ಟ್ರು ಕೊಳವೆಯಿಂದ ಮುಖ ಎತ್ತಿದರು. ಅವರಿಗೆ ಸಿಟ್ಟು ಬರಲಿಲ್ಲ. ದೊಡ್ಡ ಹೊರೆ ಇಳಿಸಿದವರ ಹಾಗೆ ಬೆನ್ನು ಸಡಿಲಿಸಿ ಕುಳಿತರು. ಅವಳ ದನಿ ಬಂದ ದಿಕ್ಕಿಗೆ ಕೈ ಚಾಚಿ, ಅವಳ ಮೊಣಕೈ ಹುಡುಕಿ ಹಿಡಿದುಕೊಂಡರು.

"ಚೆನ್ನಾಗಿ ಕಲಿತಿದೀಯಮ್ಮ," ಎಂದರು. "ಇನ್ಸ್‌ಪೆಕ್ಟರೇ, ಆ ಹುಡುಗನ್ನ ಮನೆಗೆ ಕಳಿಸಿ. ಚೀಲಕ್ಕೆ ಬೀಜ ಬೆರೆಸಿದ್ದು ನಾನು. ಬೆರೆಸು ಅಂದದ್ದು ಯಾರು ಅಂತ ಅವರ ಮುಖ ನೋಡಿದ್ರೆ ನಿಮಗೇ ತಿಳಿಯುತ್ತೆ, ನನಗೆ ಕಾಣಲ್ಲ."

ಅತ್ತಿಗೆ ಗಂಡನ ತೋಳು ಹಿಡಿದು ಅಳತೊಡಗಿದಳು. ಪೇದೆ ಮೇಜಿನ ಮೇಲಿದ್ದ ಬೇಡಿ ಎತ್ತಿಕೊಂಡು ಸಾಹುಕಾರನ ಪಕ್ಕಕ್ಕೆ ಹೋಗಿ ನಿಂತ.

"ಆದ್ರೆ ಒಂದು ಮಾತು," ಎಂದರು ಮೇಷ್ಟ್ರು. ಅವರ ಬೆರಳು ಅವಳ ಮೊಣಕೈಯನ್ನು ಬಿಗಿಯಾಗಿ ಒತ್ತಿತು. "ಆ ಬಾಟಲಿಯನ್ನ ನಾನು ಬರಿದಾಗಿಯೇ ಇಟ್ಟಿದ್ದೆ. ತುಂಬಿಸಿದ್ದು ನಾನಲ್ಲ."

ಚಿಮಟದಕ್ಕ ಥಟ್ಟನೆ ಸಾಹುಕಾರನ ಕಡೆ ತಿರುಗಿದಳು. ಅವನ ಬಾಯಿ ತೆರೆದೇ ಇತ್ತು. ಈ ಸಲ ಅವನು ನಟಿಸುತ್ತಿರಲಿಲ್ಲ; ಬಾಟಲಿ ತುಂಬಿಸಿದ ಕೈ ಇನ್ನೂ ಬೇರೆ ಯಾರದೋ.